ಎಂಜಿನ್ ಕವರ್‌ಗೆ ಹುಲಿ ಪಟ್ಟೆ: ಬಣ್ಣ ಬಿಸಿಗೆ ಎದ್ದು ಬರುತ್ತದಾ?

ಓದುಗರ ಪ್ರಶ್ನೆ: ಎಂಟು ವರ್ಷದ ಹಳೆಯ ಕಾರು. ಎಂಜಿನ್ ಮೇಲಿನ ಪ್ಲಾಸ್ಟಿಕ್ ಕವರ್ ಬೂದಿ ಬಣ್ಣಕ್ಕೆ ತಿರುಗಿದೆ. ಅದಕ್ಕೆ ಹಳದಿ ಹೊಡೆದು ಹುಲಿವೇಷದ ಕಪ್ಪು ಪಟ್ಟೆ ಬರೆಯಬೇಕು ಅಂತ ಬಹಳ ದಿನದ ಆಸೆ. ಕೃಷ್ಣಾಷ್ಟಮಿಯ ಮೊದಲು ಮುಗಿಸಬೇಕು. ಮನೆಯಲ್ಲೇ ಸ್ಪ್ರೇ ಮಾಡಿದರೆ ಎಂಜಿನ್ ಬಿಸಿಗೆ ಬಣ್ಣ ಎದ್ದು ಬರುತ್ತದಾ? (ಮಲ್ಪೆಯಿಂದ)

ಉತ್ತರ: ಬಣ್ಣ ನಿಲ್ಲುತ್ತದೆ. ಆದರೆ ಸ್ಪ್ರೇ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲಿನ ಎರಡು ದಿನ ನೀವು ಏನು ಮಾಡುತ್ತೀರಿ ಅನ್ನುವುದರ ಮೇಲೆ ಎಲ್ಲ ಇದೆ.

ಮೊದಲು ಬಿಸಿಯ ಹೆದರಿಕೆ ಬಿಡಿ. ಎಂಜಿನ್ನಿನ ಕೂಲೆಂಟ್ ಸಾಧಾರಣ 90ರಿಂದ 105 ಡಿಗ್ರಿಯಲ್ಲಿ ಇರುತ್ತದೆ. ಕವರ್ ಎಂಜಿನ್ನಿಗೆ ಅಂಟಿಕೊಂಡಿಲ್ಲ, ರಬ್ಬರ್ ಬುಷ್‌ಗಳ ಮೇಲೆ ಕೂತಿದೆ, ನಡುವೆ ಗಾಳಿ ಇದೆ. ಆಗುಂಬೆಯ 14 ತಿರುವು ಹತ್ತಿ ಗಾಡಿ ನಿಲ್ಲಿಸಿದಾಗ ಗಾಳಿಯ ಓಡಾಟ ನಿಂತು ಬಾನೆಟ್ ಒಳಗೆ ಬಿಸಿ ಇನ್ನೂ ಸ್ವಲ್ಪ ಏರುತ್ತದೆ. ಕಾರಿನ ಬಾಡಿಗೆ ಹೊಡೆಯುವ ಬಣ್ಣ, ಅದರ ಮೇಲೆ ಹಾರ್ಡ್‌ನರ್ (ಗಟ್ಟಿಯಾಗಲು ಬೆರೆಸುವ ದ್ರವ) ಸೇರಿಸಿದ ಪಾಲಿಯುರೆಥೇನ್ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ ಇದ್ದರೆ ಅದನ್ನೆಲ್ಲ ತಡೆದುಕೊಳ್ಳುತ್ತದೆ.

ಹಾಗಂತ 600 ಡಿಗ್ರಿ ತಡೆಯುತ್ತದೆ ಅಂತ ಬರೆದಿರುವ ಸೈಲೆನ್ಸರ್ ಸ್ಪ್ರೇ ಮಾತ್ರ ತರಬೇಡಿ. ಜಾಸ್ತಿ ಬಿಸಿ ತಡೆದರೆ ಒಳ್ಳೆಯದೇ ಅಲ್ವಾ ಅಂತ ಬಹಳ ಜನ ಅದನ್ನೇ ತರುತ್ತಾರೆ. ಅದು ಸಿಲಿಕೋನ್ ಬಣ್ಣ. ಪೂರ್ತಿ ಗಟ್ಟಿಯಾಗಬೇಕಾದರೆ 200 ಡಿಗ್ರಿಯ ಸುಮಾರಿಗೆ ಕಾಯಬೇಕು. ಸೈಲೆನ್ಸರ್ ಅಷ್ಟು ಕಾಯುತ್ತದೆ, ಕವರ್ ಕಾಯುವುದಿಲ್ಲ. ಓವನ್‌ನಲ್ಲಿಟ್ಟು ಕಾಯಿಸಲು ಹೋದರೆ ಪ್ಲಾಸ್ಟಿಕ್ಕೇ ಸೊಟ್ಟಗಾಗುತ್ತದೆ. ಕಾಯಿಸದೆ ಬಿಟ್ಟರೆ ಉಗುರು ತಾಗಿದರೂ ಗೀರು.

ಈಗ ಕವರ್ ತೆಗೆಯಿರಿ. ಎಂಜಿನ್ ತಣ್ಣಗಿರಲಿ. ಹೆಚ್ಚಿನ ಕಾರುಗಳಲ್ಲಿ ಮೂಲೆ ಹಿಡಿದು ನೇರ ಮೇಲಕ್ಕೆ ಎಳೆದರೆ ಬಿಡುತ್ತದೆ, ಕೆಲವಕ್ಕೆ ಬೋಲ್ಟ್ ಇರುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆಯಬೇಕಾಗಿ ಬಂದರೆ ಕವರ್ ಹೊರಬಂದ ಕೂಡಲೇ ಅದನ್ನು ಮತ್ತೆ ತಿರುಗಿಸಿ ಹಾಕಿಬಿಡಿ. ಕೆಲವು ಗಾಡಿಗಳಲ್ಲಿ ಏರ್ ಫಿಲ್ಟರ್ ಈ ಕವರ್ ಒಳಗೇ ಇರುತ್ತದೆ. ನಿಮ್ಮದು ಹಾಗಿದ್ದರೆ ಅದು ಹೊರಗಿರುವಷ್ಟು ದಿನ ಗಾಡಿ ಸ್ಟಾರ್ಟ್ ಮಾಡಲೇಬಾರದು.

ಕವರ್ ಮಗುಚಿ ನೋಡಿ. ಒಳಗೆ ಎರಡು ಬಾಣಗಳ ನಡುವೆ ಸಣ್ಣ ಅಕ್ಷರಗಳು ಅಚ್ಚಾಗಿರುತ್ತವೆ. ‘ಪಿಎ6’ ಅಥವಾ ‘ಪಿಎ66’ ಅಂತಿದ್ದರೆ ಅದು ನೈಲಾನ್. ಪಕ್ಕದಲ್ಲಿ ‘ಜಿಎಫ್30’ ಇದ್ದರೆ ನೂರಕ್ಕೆ ಮೂವತ್ತು ಪಾಲು ಗಾಜಿನ ನಾರು ಬೆರೆಸಿದ್ದಾರೆ ಅಂತ ಅರ್ಥ. ಬರೀ ‘ಪಿಪಿ’ ಇದ್ದರೆ ಪಾಲಿಪ್ರೊಪೈಲೀನ್. ಪತ್ರೊಡೆಗೆ ತರುವ ಕೆಸುವಿನ ಎಲೆಯ ಮೇಲೆ ನೀರು ಹೇಗೆ ಮುತ್ತಾಗಿ ಜಾರುತ್ತದೆ ನೋಡಿ, ಪಿಪಿ ಮೇಲೆ ಬಣ್ಣದ ಪಾಡೂ ಹಾಗೇ. ಹಿಡಿದುಕೊಳ್ಳುವುದೇ ಇಲ್ಲ. ಅದಕ್ಕೆ ಮೊದಲು ‘ಪ್ಲಾಸ್ಟಿಕ್ ಪ್ರೈಮರ್’ ಅಂತ ಕೇಳಿ ತಂದು ತೆಳ್ಳಗೆ ಒಂದು ಕೋಟ್ ಕೊಡಬೇಕು. ಸಾದಾ ಪ್ರೈಮರ್ ನಡೆಯುವುದಿಲ್ಲ.

ನೈಲಾನಿನ ಕಥೆ ಬೇರೆ. ಅದು ಗಾಳಿಯ ತೇವ ಕುಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಕೇಳಬೇಕಾ? ಮಳೆಗಾಲದಲ್ಲಿ ಬೀರುವಿನ ಚಪ್ಪಲಿಗೂ ಬೂಸ್ಟು ಬರುತ್ತದೆ. ತೊಳೆದ ಕವರನ್ನು ಒಂದೆರಡು ದಿನ ಒಳ್ಳೆಯ ಬಿಸಿಲಿಗೆ ಇಡದೆ ಬಣ್ಣಕ್ಕೆ ಇಳಿಯಬೇಡಿ.

ತೊಳೆಯುವುದು ಅಂದರೆ ಸುಮ್ನೆ ನೀರು ಹುಯ್ಯುವುದಲ್ಲ. ಒಳಗಿನ ಫೋಮ್ ಬಿಚ್ಚಲು ಬಂದರೆ ಬಿಚ್ಚಿಡಿ. ಅದಕ್ಕೆ ಆಯಿಲ್ ಹಿಡಿದಿದ್ದರೆ ಹೊಸದು ಹಾಕಿ, ಬಿಸಿ ಎಂಜಿನ್ ಮೇಲೆ ಎಣ್ಣೆ ಕುಡಿದ ಫೋಮ್ ಇರಬಾರದು. ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿ ನೀರು, ಹಳೆಯ ಟೂತ್ ಬ್ರಷ್ ಹಿಡಿದು ಸಂದುಸಂದು ಉಜ್ಜಿ. ಸರ್ವಿಸ್‌ನಲ್ಲಿ ಮಿಂಚಲಿ ಅಂತ ಹೊಡೆಯುವ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತದೆ. ಅದು ಚೂರು ಉಳಿದರೂ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಒಣಗಿದ ಮೇಲೆ 400 ನಂಬರಿನ ವಾಟರ್ ಪೇಪರ್, ಆಮೇಲೆ 600. ಹೊಳಪು ಪೂರ್ತಿ ಸತ್ತು ಎಲ್ಲ ಕಡೆ ಒಂದೇ ಮಬ್ಬು ಕಾಣಬೇಕು. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡೂ ಸಾಕು.

ನಾನು ಮೊದಲ ಸಲ ಬಣ್ಣ ಹೊಡೆದದ್ದು ಮಂಗಳೂರಿನ ಮನೆಯ ಜಗಲಿಯಲ್ಲಿ, ಜುಲೈ ತಿಂಗಳಲ್ಲಿ. ಹೊರಗೆ ಮಳೆ ಹೊಯ್ಯುತ್ತಿತ್ತು. ಹೊಳೆಯುವ ಕಪ್ಪು ಹತ್ತೇ ನಿಮಿಷದಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿಚಿಕೊಂಡಿತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಪೇಂಟರ್‌ಗಳಿಗೆ ಇದು ದಿನಾ ಗೊತ್ತಿರುವ ವಿಷಯ, ನನಗೆ ಆವತ್ತು ಗೊತ್ತಾಯಿತು. ಮೂರು ತಿಂಗಳಿಗೆ ಆಯಿಲ್ ಮುಚ್ಚಳದ ಸುತ್ತ ಬಣ್ಣ ಹಕ್ಕಳೆ ಎದ್ದಿತು. ಹಕ್ಕಳೆಯ ಹಿಂಬದಿ ಬೆರಳಾಡಿಸಿದರೆ ಎಣ್ಣೆ ಪಸೆ ಹಾಗೇ ಇತ್ತು.

ಅದಕ್ಕೇ ಹೇಳುವುದು, ಅಷ್ಟಮಿಯ ಗಡಿಬಿಡಿ ಬೇಡ. ಅಷ್ಟಮಿಯ ಮರುದಿನದ ವಿಟ್ಲಪಿಂಡಿ ಬರುವುದು ಮಳೆಗಾಲದ ನಡುವೆ. ಡಿಸೆಂಬರಿನಿಂದ ಫೆಬ್ರವರಿವರೆಗೆ ನಮ್ಮಲ್ಲಿ ಗಾಳಿ ಒಣಗಿರುತ್ತದೆ, ಆಗ ಬೆಳಿಗ್ಗೆ ಹತ್ತರ ಮೇಲೆ ನೆರಳಿನಲ್ಲಿ ಹೊಡೆಯಿರಿ. ಕಾಯಲು ಆಗುವುದೇ ಇಲ್ಲ ಅಂದರೆ ಬಾಡಿ ಶಾಪ್‌ನ ಪೇಂಟ್ ಬೂತ್‌ನಲ್ಲಿ ಮಾಡಿಸಿ.

ಇನ್ನು ಹುಲಿ. ಹಳದಿಗೆ ಮುಚ್ಚುವ ಶಕ್ತಿ ಕಡಿಮೆ. ಕಪ್ಪು ಪ್ಲಾಸ್ಟಿಕ್ ಮೇಲೆ ನೇರ ಹೊಡೆದರೆ ಹಸಿರು ಛಾಯೆ ಬರುತ್ತದೆ, ಎಷ್ಟು ಕೋಟ್ ಹೊಡೆದರೂ ಮಂಕು. ಮೊದಲು ಬಿಳಿ, ಅದರ ಮೇಲೆ ಹಳದಿ. ಡಬ್ಬಿ ಎರಡು ನಿಮಿಷ ಅಲ್ಲಾಡಿಸಿ, ಸುಮಾರು 20–25 ಸೆಂಟಿಮೀಟರ್ ದೂರದಿಂದ, ತೆಳ್ಳಗೆ ಮೂರು ಕೋಟ್, ನಡುವೆ ಹತ್ತು ಹದಿನೈದು ನಿಮಿಷ ಬಿಡುವು. ಹುಲಿವೇಷದವರನ್ನು ಹತ್ತಿರದಿಂದ ನೋಡಿದ್ದೀರಲ್ವಾ? ಮೈ ಬಣ್ಣ ಒಣಗುವವರೆಗೆ ಅಲ್ಲಾಡದೆ ನಿಂತೇ ಇರುತ್ತಾರೆ, ಆಮೇಲೆಯೇ ಪಟ್ಟೆ. ಹಳದಿಯನ್ನು ಒಂದು ರಾತ್ರಿ ಬಿಟ್ಟು ಪಟ್ಟೆಗೆ ಕೈ ಹಾಕಿ. ಮಾಸ್ಕಿಂಗ್ ಟೇಪ್ ಹಚ್ಚಿ ಮಾಡಿದ ಪಟ್ಟೆ ಜೀಬ್ರಾ ಕ್ರಾಸಿಂಗ್ ಹಾಗೆ ಕಾಣುತ್ತದೆ. ಹುಲಿಯ ಪಟ್ಟೆ ನಡುವೆ ದಪ್ಪ, ತುದಿಗೆ ಕೂದಲಿನಷ್ಟು ಸಪೂರ. ಅದು ಬ್ರಷ್‌ನ ಕೆಲಸ. ವೇಷಕ್ಕೆ ಬಣ್ಣ ಹಾಕುವವರು ಪರಿಚಯ ಇದ್ದರೆ ಅವರ ಕೈಯಲ್ಲೇ ಬರೆಸಿ. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ದುಡ್ಡು ಕೊಟ್ಟು ಮಾಡಿಸಬೇಕಾದದ್ದು ಇದೊಂದೇ, ಮತ್ತೆ ಮೇಲಿನ ಕ್ಲಿಯರ್ ಕೋಟ್. ಹಾರ್ಡ್‌ನರ್ ಸೇರಿಸಿದ ಕ್ಲಿಯರ್‌ನಲ್ಲಿ ಐಸೊಸಯನೇಟ್ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು, ಪೇಂಟರ್ ಹತ್ತಿರವೇ ಹೊಡೆಸಿ.

ಆರ್‌ಸಿಯಲ್ಲಿ ಬರೆದಿರುವುದು ಬಾಡಿಯ ಬಣ್ಣ, ಹಾಗಾಗಿ ಈ ಕವರ್‌ಗೆ ಆರ್‌ಟಿಓ ಚಿಂತೆ ಇಲ್ಲ.

ಎಲ್ಲ ಮುಗಿದ ಮೇಲೆ ಒಂದು ವಾರ ಕವರ್ ಹೊರಗೇ ಇರಲಿ. ಕೂರಿಸುವಾಗ ರಬ್ಬರ್ ಬುಷ್‌ಗಳಿಗೆ ಬಣ್ಣ ಹಾರಿಲ್ಲ ಅಂತ ನೋಡಿ, ನಾಲ್ಕೂ ಮೂಲೆ ‘ಟಕ್’ ಅನ್ನುವವರೆಗೆ ಒತ್ತಿ. ಒಂದು ಮೂಲೆ ಎದ್ದಿದ್ದರೂ ಗಾಡಿ ಅದುರುವಾಗ ಬಾನೆಟ್‌ಗೆ ಉಜ್ಜಿ ಪಟ್ಟೆ ಅಲ್ಲಿಂದಲೇ ಸವೆಯಲು ಶುರು.