ಕೈ ಎತ್ತಿದರೆ ಕರುಳು ಸುತ್ತಿಕೊಳ್ಳುವುದಿಲ್ಲ

‘ಡಾಕ್ಟರರ, ಬಸರಿ ಹೆಣಮಗಳು ಕೈ ಮ್ಯಾಲ ಎತ್ತಿದ್ರ ಕೂಸಿನ ಕೊಳ್ಳಿಗೆ ಕರಳ ಸುತಗೋತದಂತಲ್ರಿ?’ ಸೊಸೆ ಯೋಗದ ಬಗ್ಗೆ ಬಾಯಿ ತೆರೆಯುವ ಮೊದಲೇ ಅತ್ತೆಯ ಈ ಪ್ರಶ್ನೆ ಬಂದಿರುತ್ತದೆ. ಹುಬ್ಬಳ್ಳಿಯ ನಮ್ಮ ಒಪಿಡಿಗೆ ಇದು ಹೊಸದಲ್ಲ. ಆ ಕರುಳು, ಅಂದರೆ ಹೊಕ್ಕುಳಬಳ್ಳಿ, ಸುತ್ತಿಕೊಳ್ಳುವುದು ನೀರಿನ ಚೀಲದೊಳಗೆ ಕೂಸು ತಾನೇ ಹೊರಳಾಡುವುದರಿಂದ. ಸುಮಾರು ನಾಲ್ಕು ಹೆರಿಗೆಗಳಲ್ಲಿ ಒಂದರಲ್ಲಿ ಅದು ಕೊರಳಿಗೆ ಸುತ್ತಿರುತ್ತದೆ, ಬಹುತೇಕ ಕೂಸುಗಳು ಆರಾಮಾಗೇ ಹುಟ್ಟುತ್ತವೆ. ಗೋಡೆಯ ಆಸರೆಯಲ್ಲಿ, ಕೈ ಮೇಲೆತ್ತಿ ನಿಲ್ಲುವ ತಾಡಾಸನ ಮಾಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗಂತ ಮೊಬೈಲಿನಲ್ಲಿ ಕಂಡದ್ದನ್ನೆಲ್ಲ ಮಾಡುವಂತಿಲ್ಲ. ಆಸನದ ಮಾತಿಗಿಂತ ಮೊದಲು ನಾನು ಕೇಳುವುದು ತಾಯಿ ಕಾರ್ಡು. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 7ರ ಕೆಳಗಿದ್ದರೆ ಮೊದಲು ಚಿಕಿತ್ಸೆ, ಯೋಗ ಆಮೇಲೆ. ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದವರು, ಬಿಪಿ ಏರಿದವರು, ಗರ್ಭಕೋಶದ ಬಾಯಿಗೆ ಹೊಲಿಗೆ ಹಾಕಿಸಿಕೊಂಡವರು ತಮ್ಮ ವೈದ್ಯರನ್ನು ಕೇಳದೆ ಒಂದು ಆಸನವನ್ನೂ ಮಾಡಬಾರದು.

ಐದು ತಿಂಗಳು ತುಂಬಿದ ಮೇಲೆ ಅಂಗಾತ ಮಲಗಿ ಶವಾಸನ ಬೇಡ. ಬೆಳೆದ ಗರ್ಭಕೋಶ ಬೆನ್ನೆಲುಬಿನ ಬಲಕ್ಕಿರುವ, ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ತಲೆ ಸುತ್ತುತ್ತದೆ, ಕೂಸಿಗೆ ಹೋಗುವ ರಕ್ತವೂ ಕಡಿಮೆಯಾಗುತ್ತದೆ. ಎಡಮಗ್ಗುಲಾಗಿ, ಮೊಣಕಾಲುಗಳ ನಡುವೆ ದಿಂಬಿಟ್ಟು ಮಲಗಿದರೆ ಅದೇ ಶವಾಸನ. ಕಪಾಲಭಾತಿ, ಭಸ್ತ್ರಿಕಾ ಬೇಡ, ಉಸಿರು ಬಿಗಿಹಿಡಿಯುವುದೂ ಬೇಡ. ಅನುಲೋಮ ವಿಲೋಮ, ಭ್ರಾಮರಿ ನಡೆಯುತ್ತವೆ.

‘ದಿನಾ ರೊಟ್ಟಿ ಬಡೀತೀನಲ್ರಿ, ಅದ ಯೋಗಲ್ಲೇನ್ರಿ?’ ಎನ್ನುವವರಿದ್ದಾರೆ. ಅಲ್ಲ. ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ ಸೊಂಟ ಮುಂದಕ್ಕಷ್ಟೇ ಬಾಗಿರುತ್ತದೆ, ಅದೇ ನೋವಿಗೆ ಮೂಲ. ಜಮಖಾನೆಯನ್ನು ಮಡಚಿ ಮೊಣಕಾಲ ಕೆಳಗೆ ಹಾಕಿ, ಅಂಗೈ ಊರಿ, ಉಸಿರು ಬಿಡುತ್ತ ಬೆನ್ನನ್ನು ಬೆಕ್ಕಿನಂತೆ ಮೇಲಕ್ಕೆತ್ತಿ, ಉಸಿರು ತೆಗೆದುಕೊಳ್ಳುತ್ತ ಸಮಕ್ಕೆ ತನ್ನಿ. ಸೊಂಟನೋವಿಗೆ ನಾನು ಮೊದಲು ಹೇಳಿಕೊಡುವುದು ಇದನ್ನೇ. ಆದರೆ ಎಳೆದು ಬಗ್ಗಿಸುವ ಹುರುಪು ಬೇಡ: ಬಸಿರಿನಲ್ಲಿ ರಿಲ್ಯಾಕ್ಸಿನ್ ಎಂಬ ಹಾರ್ಮೋನು ಕೀಲುಗಳ ಕಟ್ಟನ್ನು ಸಡಿಲಿಸುತ್ತದೆ. ಹೀಗಾಗಿ ಸಲೀಸಾಗಿ ಬಗ್ಗಿದ್ದೇ ಮರುದಿನ ನೋವಾಗಿ ಕಾಡಬಹುದು.

ವಾರಕ್ಕೆ 150 ನಿಮಿಷವಾದರೂ ಮೈ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಡಿಗೆಯೂ ಇದರಲ್ಲಿ ಸೇರಿತು. ಕೂಸಿಗೆ ಇದರ ಲಾಭ ಬರುವುದು ತಾಯಿಯ ಮೂಲಕವೇ: ಅವಳ ಸಕ್ಕರೆ ಹತೋಟಿಯಲ್ಲಿರುತ್ತದೆ, ಮನಸ್ಸು ಹಗುರಾಗುತ್ತದೆ, ನಿದ್ದೆ ಬರುತ್ತದೆ. ಯೋಗ ಮಾಡಿದರೆ ಕೂಸು ಕೆಂಪಗೆ, ಶಾಣ್ಯಾ ಹುಟ್ಟುತ್ತದೆ ಎಂದು ಹಣ ಕೇಳುವವರಿಂದ ದೂರವಿರಿ. ನಾರ್ಮಲ್ ಹೆರಿಗೆಗೂ ಅದು ಗ್ಯಾರಂಟಿ ಅಲ್ಲ. ಕೂಸಿನ ಎದೆಬಡಿತ ಇಳಿದರೆ ಯಾವ ಆಸನವೂ ಸಿಸೇರಿಯನ್ ತಪ್ಪಿಸಲಾರದು. ಬ್ಯಾನಿ ಬಂದಾಗ ಮಾತ್ರ ಉಸಿರಾಟ ಕಲಿತವರು ಗಾಬರಿಯಾಗುವುದು ಕಡಿಮೆ.

ಕುಬಸ ಮುಗಿಸಿ ತವರಿಗೆ ಹೊರಟವರು ತಾಯಿ ಕಾರ್ಡು ಬ್ಯಾಗಿನಲ್ಲಿಟ್ಟುಕೊಳ್ಳಿ. ಅಲ್ಲಿ ಹೊಸ ಆಸನ ಶುರು ಮಾಡಬೇಡಿ. ರಕ್ತ ಕಂಡರೆ, ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಕೂಸಿನ ಆಟ ಕಡಿಮೆಯಾದರೆ 108ಕ್ಕೆ ಫೋನ್ ಮಾಡಿ. ಅಮಾಸಿ ಕಳೆಯಲಿ ಎಂದು ಕಾಯಬೇಡಿ.