ಲಕ್ಷದ ಅಲ್ಪವಿರಾಮ ಕಂಪ್ಯೂಟರಿಗೆ ಬಂದ ದಾರಿ

2011ರ ಜನಗಣತಿಯಂತೆ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519. ಇದನ್ನೇ 554,519 ಎಂದು ಅಚ್ಚು ಮಾಡಿದರೆ ಸಂಖ್ಯೆ ಬದಲಾಗುವುದಿಲ್ಲ. ಆದರೆ ಮಡಿಕೇರಿಯಲ್ಲೋ ಸೋಮವಾರಪೇಟೆಯಲ್ಲೋ ಓದುವವರು ‘ಐದು ಲಕ್ಷ’ ಎನ್ನುವ ಮೊದಲು ಬಲದಿಂದ ಬಿಡಿ, ಹತ್ತು, ನೂರು ಎಂದು ಎಣಿಸಬೇಕಾಗುತ್ತದೆ. ಕಾಫಿ ಮಾರಿದ ಲೆಕ್ಕದ ಬಿಲ್ಲಿನಲ್ಲಿ 1,250,000 ಎಂದು ಬಂದಿದ್ದಾಗ ನನ್ನ ತಂದೆ ಪೆನ್ಸಿಲಿನಿಂದ ಅಲ್ಪವಿರಾಮಗಳನ್ನು ತಿದ್ದಿ, 12,50,000 ಮಾಡಿಕೊಂಡ ನಂತರವೇ ಲೆಕ್ಕ ನೋಡಿದ್ದರು. ನಮಗೆ ಅಲ್ಪವಿರಾಮ ಅಲಂಕಾರವಲ್ಲ. ಸಾವಿರ, ಲಕ್ಷ, ಕೋಟಿ ಎಂಬ ಹೆಸರುಗಳು ಎಲ್ಲಿ ನಿಲ್ಲುತ್ತವೆಂದು ತೋರಿಸುವ ಗುರುತು.

ಬಲತುದಿಯಲ್ಲಿ ಮೂರು ಅಂಕಿ, ಆಮೇಲೆ ಎರಡೆರಡು ಎಂಬ ಈ ಕ್ರಮ ಕಂಪ್ಯೂಟರಿಗೆ ತೀರ ಹೊಸದೇನಲ್ಲ. 1989ರಲ್ಲಿ ರೂಪುಗೊಂಡ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಅಮೆರಿಕನ್ ಮಾನಕದಲ್ಲಿಯೇ, ಆಯಾ ಪ್ರದೇಶದ ಬರವಣಿಗೆಯ ರೂಢಿಗಳನ್ನು ಹೇಳುವ ‘ಲೊಕೇಲ್’ ಎಂಬ ಏರ್ಪಾಡಿದ್ದು, ಪ್ರತಿ ಗುಂಪಿನಲ್ಲಿ ಎಷ್ಟು ಅಂಕಿ ಎಂಬ ಅಳತೆಯನ್ನು ಒಂದರ ನಂತರ ಒಂದಾಗಿ ಬರೆದಿಡಲು ಅದರಲ್ಲಿ ಜಾಗವಿತ್ತು. ಅಲ್ಲಿ ಮೂರು, ಎರಡು ಎಂದು ಬರೆದರೆ ಕೊನೆಯ ಅಳತೆ ತಾನಾಗಿ ಮುಂದುವರಿದು ಕೋಟಿಯವರೆಗೂ ಸರಿಯಾಗಿ ಒಡೆಯುತ್ತದೆ. ಆದರೆ ಪ್ರೋಗ್ರಾಂ ಶುರುವಾಗುವಾಗ ಇರುವ ಮೂಲ ಲೊಕೇಲ್‌ನಲ್ಲಿ ಗುಂಪೇ ಇರುವುದಿಲ್ಲ. ಬರೆಯುವವರು ಕೇಳಿಕೊಂಡರೆ ಮಾತ್ರ ಬೇರೆ ಲೊಕೇಲ್ ಜಾರಿಗೆ ಬರುತ್ತದೆ. ಕೇಳಿಕೊಳ್ಳದವರು ಮೂರು ಅಂಕಿಗೊಂದು ಅಲ್ಪವಿರಾಮ ಹಾಕುವ ಸಾಲುಗಳನ್ನು ತಾವೇ ಬರೆದುಕೊಳ್ಳುತ್ತಾರೆ.

ನಂತರದ ಭಾಷೆಗಳು ಈ ದೂರದೃಷ್ಟಿಯನ್ನು ಉಳಿಸಿಕೊಳ್ಳಲಿಲ್ಲವೆಂಬುದು ನನಗೆ ಬೇಸರದ ಸಂಗತಿ. ಜಾವಾ ಭಾಷೆಯಲ್ಲಿ ಸಂಖ್ಯೆಗಳಿಗೆ ರೂಪ ಕೊಡುವ ಡೆಸಿಮಲ್‌ಫಾರ್ಮ್ಯಾಟ್‌ಗೆ ಎರಡು ಬಗೆಯ ಗುಂಪುಗಳಿರುವ ಮಾದರಿಯನ್ನು ಕೊಟ್ಟರೂ ಅದು ಬಲತುದಿಯ ಗುಂಪನ್ನಷ್ಟೇ ಗಣನೆಗೆ ತೆಗೆದುಕೊಂಡು ಉಳಿದುದನ್ನು ಬಿಟ್ಟುಬಿಡುತ್ತದೆ. 2009ರ ಪೈಥಾನ್ 3.1ರಲ್ಲಿ ಬಂದ ಅಲ್ಪವಿರಾಮದ ಸೂಚನೆಯೂ ಮೂರು ಮೂರಾಗಿಯೇ ಒಡೆಯುತ್ತದೆ. ಆದರೆ ಮೈಕ್ರೋಸಾಫ್ಟ್‌ನ ಪ್ರೋಗ್ರಾಮಿಂಗ್ ವೇದಿಕೆಯಾದ ಡಾಟ್‌ನೆಟ್‌ನಲ್ಲಿ ಅಳತೆಗಳ ಪಟ್ಟಿಯನ್ನೇ ಕೊಡಬಹುದು. 2012ರ ಕೊನೆಯಲ್ಲಿ ಜಾವಾಸ್ಕ್ರಿಪ್ಟ್‌ಗೆ ಅಂತರರಾಷ್ಟ್ರೀಕರಣದ ಪ್ರತ್ಯೇಕ ಮಾನಕ ಬಂದ ಮೇಲೆ, ಭಾರತದ ಇಂಗ್ಲಿಷಿಗೆ ಮೀಸಲಾದ ‘ಇಎನ್-ಐಎನ್’ ಸಂಕೇತ ಕೊಟ್ಟರೆ ಬ್ರೌಸರ್ ತಾನೇ 12,50,000 ಎಂದು ತೋರಿಸುವಂತಾಯಿತು.

ತೋರಿಸುವಾಗ ಹಾಕಿದ ಅಲ್ಪವಿರಾಮವನ್ನು ಕಡತದೊಳಗೂ ಸೇರಿಸಿಡುವುದು ಇನ್ನೊಂದು ತೊಡಕು. ‘12,50,000’ ಎಂಬ ಪಠ್ಯವನ್ನು ಪೂರ್ಣಾಂಕವಾಗಿಸಲು ಜಾವಾಸ್ಕ್ರಿಪ್ಟ್‌ನ ಪಾರ್ಸ್‌ಇಂಟ್‌ಗೆ ಕೊಟ್ಟರೆ ಅದು ಮೊದಲ ಅಲ್ಪವಿರಾಮದಲ್ಲಿಯೇ ನಿಂತು, ದೋಷದ ಸೂಚನೆಯನ್ನೂ ಕೊಡದೆ, ಹನ್ನೆರಡೂವರೆ ಲಕ್ಷವನ್ನು 12 ಎಂದು ಹಿಂದಿರುಗಿಸುತ್ತದೆ.