ಟಿಕೆಟ್ ಬುಕ್ ಮಾಡುವ ಮೊದಲು

ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ ಎರಡು ಸೂಟ್‌ಕೇಸ್, ಒಂದು ಉಪ್ಪಿನಕಾಯಿ ಡಬ್ಬಿ ಹಿಡಿದು ಗುರುತು ಪರಿಚಯವಿಲ್ಲದ ದೇಶಕ್ಕೆ ಹೊರಟಾಗ ಇಲ್ಲದ ಅಳುಕು, ನಲವತ್ತರಲ್ಲಿ ಹುಟ್ಟಿದ ಊರಿಗೆ ವಾಪಸಾಗುವಾಗ ಬರುತ್ತದೆ. ಹಗಲು ಹೊತ್ತು ‘ಹೋಗೇಬಿಡೋಣ’ ಅನ್ನಿಸಿದ್ದು ರಾತ್ರಿ ಮೂರು ಗಂಟೆಗೆ ಎಚ್ಚರವಾದಾಗ ‘ಬೇಡಪ್ಪ’ ಅನ್ನಿಸುತ್ತದೆ. ಸಲಹೆ ಕೇಳಲು ಬರುವವರು ಇದನ್ನು ನಾಚಿಕೊಂಡೇ ಹೇಳುತ್ತಾರೆ: “ನಮ್ಮೂರಿಗೆ ಹೋಗೋಕೇ ಭಯ ಅಂದ್ರೆ ನಗಲ್ವಾ ಜನ?”

ನಗುವಂಥದ್ದೇನಿಲ್ಲ. ಪರದೇಶದಲ್ಲಿ ಕಾಲೂರುವಾಗಿನ ತಳಮಳವನ್ನು ಮಾನವಶಾಸ್ತ್ರಜ್ಞ ಕಾಲೆರ್ವೊ ಒಬರ್ಗ್ 1960ರಲ್ಲಿ ‘ಕಲ್ಚರ್ ಶಾಕ್’ ಎಂದು ವಿವರಿಸಿದ್ದರು. ಮರಳಿ ಬಂದ ಮೇಲೂ ಮನಸ್ಸಿನ ಅದೇ ಇಳಿತ ಇನ್ನೊಂದು ಸಲ ಬರುತ್ತದೆ ಎಂದು 1963ರಲ್ಲಿ ಗಲ್ಲಾಹಾರ್ನ್ ದಂಪತಿ ಪ್ರತಿಪಾದಿಸಿದರು. ಎರಡನೇ ಇಳಿತ ಹೆಚ್ಚು ನೋಯಿಸಲು ಕಾರಣವಿದೆ. ಹೋಗುವಾಗ ‘ಎಲ್ಲ ಹೊಸದು’ ಎಂಬ ತಯಾರಿ ಇತ್ತು. ಬರುವಾಗ ‘ಎಲ್ಲ ಗೊತ್ತಿರೋದೇ’ ಅಂದುಕೊಂಡು ಯಾರೂ ತಯಾರಾಗುವುದಿಲ್ಲ.

ಮೊದಲ ಕೆಲಸ ಇಷ್ಟೇ. ಒಂದು ಹಾಳೆಯಲ್ಲಿ ಒಂದೊಂದು ಸಾಲಿಗೆ ಒಂದೊಂದು ಭಯ ಬರೆಯಿರಿ, ಗಂಡ ಹೆಂಡತಿ ಬೇರೆ ಬೇರೆ ಕೂತು. ಪ್ರತಿ ಸಾಲಿನ ಮುಂದೆ, ಅದು ಯಾವ ತಾರೀಕಿನೊಳಗೆ ಇತ್ಯರ್ಥವಾಗಬೇಕು ಎಂದು ಹಾಕಿ. ತಾರೀಕು ಹೊಳೆಯದಿದ್ದರೆ, ಯಾರ ಜೊತೆ ಮಾತಾಡಬೇಕೋ ಅವರ ಹೆಸರು ಬರೆಯಿರಿ. ತೆರಿಗೆ, ಶಾಲೆ, ವಿಮೆಗಳಿಗೆ ತಾರೀಕು ಸಿಗುತ್ತದೆ. ಅಮ್ಮ, ಅಣ್ಣ, ಅತ್ತಿಗೆ ಎಂಬ ಹೆಸರುಗಳು ಕೆಲವು ಸಾಲಿಗೆ ಬರುತ್ತವೆ. ಎರಡೂ ಇಲ್ಲದೆ ಖಾಲಿ ಉಳಿಯುವವು ಸಾಮಾನ್ಯವಾಗಿ ಎರಡೋ ಮೂರೋ. ರಾತ್ರಿ ಮೂರಕ್ಕೆ ಎಬ್ಬಿಸುತ್ತಿದ್ದದ್ದು ಇವೆಲ್ಲ ಸೇರಿದ ಒಂದೇ ಗಂಟು.

ತೆರಿಗೆಯಿಂದ ಶುರು ಮಾಡೋಣ, ಏಕೆಂದರೆ ಅತಿ ಹೆಚ್ಚು ಗಾಳಿಮಾತು ಇರುವುದು ಅಲ್ಲೇ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ನೀವು ನಿವಾಸಿ. ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿ ಕಳೆದಿದ್ದರೆ 60 ದಿನವೇ ಸಾಕಾಗಬಹುದು. ಅಕ್ಟೋಬರ್ 1ರಿಂದ ಮಾರ್ಚ್ 31ಕ್ಕೆ, ಅಧಿಕ ವರ್ಷವಲ್ಲದಿದ್ದರೆ, ಸರಿಯಾಗಿ 182 ದಿನ. ಅದಕ್ಕೇ ‘ಅಕ್ಟೋಬರ್ 1 ದಾಟಿ ಬಾ’ ಎಂಬ ಉಪದೇಶ. ಆದರೆ ಹತ್ತು ವರ್ಷ ಹೊರಗಿದ್ದವರಿಗೆ ನಿವಾಸಿಯಾದ ಕೂಡಲೇ ವಿದೇಶಿ ಆದಾಯದ ಮೇಲೆ ಇಲ್ಲಿ ತೆರಿಗೆ ಬೀಳುವುದಿಲ್ಲ. ನಡುವೆ ಆರ್‌ಎನ್‌ಒಆರ್, ಅಂದರೆ ‘ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ’ ಎಂಬ ಮೆಟ್ಟಿಲಿದೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿದ್ದ ದಿನಗಳು 729 ಮೀರದಿದ್ದರೆ, ಆ ವರ್ಷಕ್ಕೆ ಈ ಸ್ಥಾನ. ವಿದೇಶದಲ್ಲಿ ದುಡಿದು ವಿದೇಶದ ಖಾತೆಗೇ ಬಂದ ಹಣಕ್ಕೆ ಆಗ ಇಲ್ಲಿ ತೆರಿಗೆಯಿಲ್ಲ. ಸಂಬಳವನ್ನು ನೇರ ಇಲ್ಲಿನ ಖಾತೆಗೆ ಹಾಕಿಸಿಕೊಂಡರೆ ಮಾತ್ರ ತಕರಾರು.

ಲೆಕ್ಕ ಹಾಕಿಯೇ ನೋಡಿ. 2026ರ ಜೂನ್ 1ಕ್ಕೆ ಬಂದರೆ ಆ ವರ್ಷ 304 ದಿನ, ಮುಂದಿನ ವರ್ಷ 366 (2028ರ ಫೆಬ್ರವರಿಗೆ 29 ದಿನ), ಒಟ್ಟು 670. ಅದಕ್ಕೂ ಹಿಂದಿನ 5 ವರ್ಷ ವರ್ಷಕ್ಕೊಮ್ಮೆ 30 ದಿನ ರಜೆಗೆ ಬಂದಿದ್ದರೆ ಇನ್ನೂ 150 ಸೇರಿ 820. ಮೂರನೇ ವರ್ಷಕ್ಕೆ ಆರ್‌ಎನ್‌ಒಆರ್ ಇಲ್ಲ. ಅದೇ ಮನುಷ್ಯ ಸೆಪ್ಟೆಂಬರ್ 15ಕ್ಕೆ ಬಂದರೆ 198, 366, 150 ಸೇರಿ 714. ಮೂರನೇ ವರ್ಷವೂ ಸಿಗುತ್ತದೆ. ರಜೆಯ ದಿನಗಳು ವರ್ಷಕ್ಕೆ 40 ಆಗಿದ್ದಿದ್ದರೆ ಮತ್ತೆ ಕೈತಪ್ಪುತ್ತಿತ್ತು. ಅಂದರೆ ನೋಡಬೇಕಾದದ್ದು ಪಾಸ್‌ಪೋರ್ಟಿನ ಇಮಿಗ್ರೇಷನ್ ಮುದ್ರೆಗಳನ್ನು. ಹಳೆಯ ಪಾಸ್‌ಪೋರ್ಟ್ ಬಿಸಾಡಬೇಡಿ. ಹಾಗಂತ ವಿದೇಶದಲ್ಲಿ ದೊಡ್ಡ ಬಾಡಿಗೆ, ಷೇರು ಮಾರಾಟ ಏನೂ ಇಲ್ಲದವರು ಈ ಒಂದು ವರ್ಷಕ್ಕಾಗಿ ಮಗುವಿನ ಶಾಲಾ ವರ್ಷ ಮುರಿಯುವುದು ದಂಡ. ಜೂನ್‌ಗೇ ಬನ್ನಿ.

ಬ್ಯಾಂಕಿನ ನಿಯಮ ತೆರಿಗೆಯದಕ್ಕಿಂತ ಬೇರೆ, ಎಡವುವುದೂ ಇಲ್ಲೇ. ವಿದೇಶಿ ವಿನಿಮಯದ ಫೆಮಾ ಕಾಯ್ದೆಗೆ ದಿನಗಳ ಎಣಿಕೆಗಿಂತ ಉದ್ದೇಶ ಮುಖ್ಯ: ನೆಲೆಸಲೆಂದು ಇಳಿದ ದಿನದಿಂದಲೇ ನಿವಾಸಿ. ಆಗ ಎನ್‌ಆರ್‌ಇ ಖಾತೆಯನ್ನು (ಅನಿವಾಸಿಗಳ ರೂಪಾಯಿ ಖಾತೆ) ಸಾಮಾನ್ಯ ಖಾತೆಯಾಗಿ ಅಥವಾ ಆರ್‌ಎಫ್‌ಸಿ ಖಾತೆಯಾಗಿ (ನಿವಾಸಿಗಳ ವಿದೇಶಿ ಹಣದ ಖಾತೆ) ಬದಲಿಸಬೇಕು. ಎನ್‌ಆರ್‌ಇ ಠೇವಣಿಯ ಬಡ್ಡಿಗಿದ್ದ ವಿನಾಯಿತಿ ಅಂದಿಗೇ ಮುಗಿಯುತ್ತದೆ. ಬ್ಯಾಂಕಿಗೆ ಹೇಳದೆ ಮೂರು ವರ್ಷ ಬಿಟ್ಟು, ಬಡ್ಡಿ ತೋರಿಸದೆ ರಿಟರ್ನ್ ಹಾಕಿ ಆಮೇಲೆ ನೋಟಿಸ್ ಹಿಡಿದು ಓಡುವವರು ಬಹಳ. ಅನಿವಾಸಿಗಳ ವಿದೇಶಿ ಹಣದ ಎಫ್‌ಸಿಎನ್‌ಆರ್ ಠೇವಣಿಯನ್ನು ಅವಧಿ ಮುಗಿಯುವವರೆಗೆ ಹಾಗೇ ಇಡಬಹುದು. ಡಾಲರನ್ನು ಡಾಲರಾಗಿಯೇ ಇಟ್ಟುಕೊಳ್ಳುವವರಿಗೆ ಆರ್‌ಎಫ್‌ಸಿ ಅನುಕೂಲ, ಆರ್‌ಎನ್‌ಒಆರ್ ಇರುವಷ್ಟು ಕಾಲ ಅದರ ಬಡ್ಡಿಗೆ ತೆರಿಗೆಯೂ ಇಲ್ಲ. ಅಲ್ಲಿದ್ದಾಗ ಗಳಿಸಿದ ಮನೆ, ಷೇರು, ಖಾತೆಗಳನ್ನು ಅಲ್ಲೇ ಉಳಿಸಿಕೊಳ್ಳಲು ಅಡ್ಡಿಯಿಲ್ಲ. ಆರ್‌ಎನ್‌ಒಆರ್ ಮುಗಿದ ವರ್ಷದಿಂದ ಅವನ್ನೆಲ್ಲ ರಿಟರ್ನ್‌ನಲ್ಲಿ ಘೋಷಿಸಬೇಕು. ಮರೆತರೆ 2015ರ ಕಪ್ಪುಹಣ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಹಾಕಲು ಅವಕಾಶವಿದೆ. ಇಲ್ಲಿನ ಫ್ಲ್ಯಾಟಿನ ಬಾಡಿಗೆದಾರರಿಗೂ ತಿಳಿಸಿ. ಅನಿವಾಸಿ ಮಾಲೀಕರೆಂದು ಅವರು ಬಾಡಿಗೆಯಲ್ಲಿ ಹಿಡಿಯುತ್ತಿದ್ದ ಟಿಡಿಎಸ್ ದರ ಇನ್ನು ಅನ್ವಯಿಸುವುದಿಲ್ಲ.

ಅಮೆರಿಕದಿಂದ ಬರುವವರು 401ಕೆ ಎಂಬ ನಿವೃತ್ತಿ ಉಳಿತಾಯ ಖಾತೆಯನ್ನು ಗಾಬರಿಯಲ್ಲಿ ಮುರಿಯುವುದು ಬೇಡ. 59½ ವಯಸ್ಸಿಗೆ ಮುನ್ನ ತೆಗೆದರೆ ಮಾಮೂಲಿ ತೆರಿಗೆಯ ಮೇಲೆ 10% ದಂಡ. ಇಟ್ಟುಕೊಂಡರೆ, ಹಣ ತೆಗೆಯುವ ವರ್ಷದಲ್ಲೇ ಇಲ್ಲೂ ತೆರಿಗೆ ಕಟ್ಟುವ ಆಯ್ಕೆ ಅಮೆರಿಕ, ಬ್ರಿಟನ್, ಕೆನಡಾ ನಿವೃತ್ತಿ ಖಾತೆಗಳಿಗೆ ಇದೆ. ಗ್ರೀನ್ ಕಾರ್ಡ್ ಇರುವವರು ಒಂದು ವರ್ಷಕ್ಕಿಂತ ಹೆಚ್ಚು ಹೊರಗಿರುವುದಾದರೆ ರೀ-ಎಂಟ್ರಿ ಪರ್ಮಿಟ್ ಬೇಕು. ಗರಿಷ್ಠ 2 ವರ್ಷದ್ದು. ಅರ್ಜಿ ಹಾಕುವಾಗ ಅಮೆರಿಕದ ನೆಲದ ಮೇಲೇ ಇರಬೇಕು, ಬೆಂಗಳೂರಿಗೆ ಬಂದು ನೆನಪಾದರೆ ಪ್ರಯೋಜನವಿಲ್ಲ. ಅಮೆರಿಕದ ಪೌರರು, ಗ್ರೀನ್ ಕಾರ್ಡಿನವರು ಇಲ್ಲಿ ಮ್ಯೂಚುವಲ್ ಫಂಡ್ ಕೊಳ್ಳುವ ಮುನ್ನ ಅಲ್ಲಿನ ತೆರಿಗೆ ಸಲಹೆಗಾರರನ್ನು ಕೇಳಿ. ವಿದೇಶಿ ಫಂಡುಗಳ ಮೇಲಿನ ಪಿಎಫ್‌ಐಸಿ ಎಂಬ ಅಮೆರಿಕದ ತೆರಿಗೆ ನಿಯಮದಲ್ಲಿ ಸಿಕ್ಕಿಕೊಂಡರೆ ಲಾಭಕ್ಕಿಂತ ಫಾರಂ ತುಂಬಿಸುವ ಶುಲ್ಕವೇ ಹೆಚ್ಚಾಗಬಹುದು. ಇನ್ನು ಫೋನ್ ನಂಬರ್. ಅಲ್ಲಿನ ಬ್ಯಾಂಕುಗಳ ಒಟಿಪಿ ಬರುವುದು ಆ ನಂಬರಿಗೆ. ಲೈನ್ ರದ್ದು ಮಾಡಿ ವಿಮಾನ ಹತ್ತಿದರೆ ನಿಮ್ಮ ದುಡ್ಡನ್ನು ನೀವೇ ನೋಡಲಾಗದು. ಹೊರಡುವ ಎರಡು ತಿಂಗಳು ಮೊದಲೇ ಕಡಿಮೆ ದರದ ಪ್ಲಾನ್‌ಗೋ ಇಂಟರ್ನೆಟ್ ನಂಬರಿಗೋ ಪೋರ್ಟ್ ಮಾಡಿ, ಪ್ರತಿ ಬ್ಯಾಂಕಿಗೂ ಒಮ್ಮೆ ಲಾಗಿನ್ ಆಗಿ ಪರೀಕ್ಷಿಸಿ. ಕೆಲವು ಬ್ಯಾಂಕುಗಳು ಇಂಟರ್ನೆಟ್ ನಂಬರ್ ಒಪ್ಪುವುದಿಲ್ಲ.

ಕೆಲಸ ಹೋಗಿ ಬರುತ್ತಿರುವ, ಅಮೆರಿಕದ ಎಚ್-1ಬಿ ಉದ್ಯೋಗ ವೀಸಾದವರಿಗೆ ಅಲ್ಲಿ ಉಳಿಯಲು ಸಿಗುವುದು ಹೆಚ್ಚೆಂದರೆ 60 ದಿನ. ಅವರಿಗೆ ಈ ಹಾಳೆಯ ಕ್ರಮವೇ ಬೇರೆ: ಮಕ್ಕಳ ಶಾಲಾ ದಾಖಲೆ, ವೈದ್ಯಕೀಯ ದಾಖಲೆ, ಫೋನ್ ನಂಬರ್. ಮಿಕ್ಕದ್ದು ಇಲ್ಲಿಂದಲೂ ಆಗುತ್ತದೆ.

ಮಂಗಳೂರು, ಉಡುಪಿ, ಭಟ್ಕಳ ಕಡೆಯ ಗಲ್ಫ್ ಮನೆಗಳಲ್ಲಿ ಭಯದ ಬಣ್ಣ ಬೇರೆ. ಒಂದು ದಿನ ವಾಪಸಾಗುವುದು ಅಲ್ಲಿ ಮೊದಲಿನಿಂದಲೂ ಗೊತ್ತಿದ್ದದ್ದೇ. ತಿಂಗಳ ಹಣ ನಿಂತರೆ ಮನೆಯಲ್ಲಿ ತನ್ನ ಮಾತಿಗೆ ಬೆಲೆ ಉಳಿಯುತ್ತದಾ ಎಂಬುದು ಅಲ್ಲಿನ ಚಿಂತೆ. ಯುಎಇಯಲ್ಲಿ ಸೇವೆ ಮುಗಿದಾಗಿನ ಗ್ರ್ಯಾಚುಯಿಟಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ, ಆಮೇಲಿನ ವರ್ಷಗಳಿಗೆ 30 ದಿನದ ಸಂಬಳ. ಆದರೆ ಅದು ಮೂಲ ಸಂಬಳದ ಮೇಲೆ. ಮನೆ ಭತ್ಯೆ, ಓಡಾಟದ ಭತ್ಯೆ ಸೇರುವುದಿಲ್ಲ. ಕೈಗೆ ಬರುತ್ತಿದ್ದ ಇಡೀ ಮೊತ್ತದ ಲೆಕ್ಕ ಹಿಡಿದು ಊರಲ್ಲಿ ಮನೆಯ ಎರಡನೇ ಮಹಡಿ ಎಬ್ಬಿಸಿದವರು ಅರ್ಧಕ್ಕೆ ನಿಲ್ಲಿಸಬೇಕಾಗುತ್ತದೆ. ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಿ ಬ್ಯಾಂಕಿನಿಂದ ಪತ್ರ ಪಡೆದೇ ಹೊರಡಿ.

ಆರೋಗ್ಯ ವಿಮೆಯನ್ನು ಬಂದಮೇಲೆ ನೋಡೋಣ ಅನ್ನುವವರೇ ಹೆಚ್ಚು. ಬಿಪಿ, ಶುಗರ್‌ನಂಥ ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳು ಕಾಯಿಸಲು ಕಂಪನಿಗಳಿಗೆ ಅವಕಾಶವಿದೆ. ಎರಡು ಮೂರು ವರ್ಷದಲ್ಲಿ ಬರುವ ಯೋಚನೆ ಇದ್ದರೆ ಇಂದೇ ಪಾಲಿಸಿ ಮಾಡಿಸಿ, ಆ ಗಡಿಯಾರ ಅಲ್ಲಿದ್ದಾಗಲೇ ಓಡಲಿ. ಕಾಯಿಲೆ ಮುಚ್ಚಿಟ್ಟು ಮಾಡಿಸಬೇಡಿ. ಮಾತ್ರೆಗಳ ಪಟ್ಟಿಯನ್ನು ಬ್ರ್ಯಾಂಡ್ ಹೆಸರಲ್ಲಿ ಬೇಡ, ಒಳಗಿನ ಔಷಧದ ಹೆಸರಲ್ಲಿ ಬರೆಸಿಕೊಳ್ಳಿ. ಗಮನ ನಿಲ್ಲದ ಎಡಿಎಚ್‌ಡಿ ಸಮಸ್ಯೆಗೆಂದು ಅಡೆರಾಲ್ ತೆಗೆದುಕೊಳ್ಳುವ ಮಗುವಿದ್ದರೆ ಆ ಆಂಫೆಟಮಿನ್ ಮಾತ್ರೆ ಇಲ್ಲಿ ಸಿಗುವುದಿಲ್ಲ, ಮೀಥೈಲ್‌ಫೆನಿಡೇಟ್ ಸಿಗುತ್ತದೆ. ಔಷಧ ಬದಲಾಯಿಸುವುದಿದ್ದರೆ ಅಲ್ಲಿನ ವೈದ್ಯರ ಕಣ್ಗಾವಲಲ್ಲಿ, ಮೂರು ತಿಂಗಳು ಮುಂಚೆಯೇ ಆಗಲಿ. ಹೊಸ ಶಾಲೆಯ ಮೊದಲ ವಾರಕ್ಕೆ ಅದನ್ನು ಇಟ್ಟುಕೊಳ್ಳಬೇಡಿ.

ಮಕ್ಕಳ ಬಗ್ಗೆ ತಂದೆ ತಾಯಿಗೆ ದೂಳು, ಟ್ರಾಫಿಕ್, ಸೊಳ್ಳೆಯ ಚಿಂತೆ. ಮಕ್ಕಳ ಕಷ್ಟ ಕನ್ನಡ ಪಾಠದ ಹೊತ್ತಿನದು. ಕರ್ನಾಟಕದ ಶಾಲೆಗಳಲ್ಲಿ 2015ರ ಕಾಯ್ದೆಯಂತೆ ಕನ್ನಡ ಮೊದಲ ಅಥವಾ ಎರಡನೇ ಭಾಷೆ. ಮನೆಯಲ್ಲಿ ಕನ್ನಡ ಅರ್ಥವಾಗುವ ಮಗು ಓದಲು ಕೂತರೆ ‘ಅಕ್ಕ’, ‘ಅಮ್ಮ’ ದಾಟಿ ‘ವಿದ್ಯಾರ್ಥಿ’ ಬಂದಾಗ ನಿಂತುಬಿಡುತ್ತದೆ. ‘ದ’ದ ಕೆಳಗೆ ಯ-ಒತ್ತು. ಅದು ಮುಗಿಯುವಷ್ಟರಲ್ಲಿ, ಬಾಯಲ್ಲಿ ಮೊದಲು ಬರುವ ‘ರ’ ಬರಹದಲ್ಲಿ ಅರ್ಕಾವತ್ತಾಗಿ ‘ಥಿ’ಯ ಆಮೇಲೆ ಕೂತಿರುತ್ತದೆ. ತರಗತಿಯಲ್ಲಿ ಯಾರಾದರೂ ಕಿಸಕ್ಕೆಂದರೆ ಮುಗಿಯಿತು, ಮಾರನೇ ದಿನದಿಂದ ಹೊಟ್ಟೆನೋವು. ಹೊರಡುವ ಆರು ತಿಂಗಳು ಮೊದಲೇ ದಿನಕ್ಕೆ 15 ನಿಮಿಷ ಮೀಸಲಿಡಿ: ಮೊದಲ ಎರಡು ತಿಂಗಳು ಅಕ್ಷರ, ಕಾಗುಣಿತ. ಮೂರನೇ ತಿಂಗಳು ಸಜಾತಿ ಒತ್ತು, ನಾಲ್ಕು ಐದರಲ್ಲಿ ವಿಜಾತಿ ಒತ್ತು, ಅರ್ಕಾವತ್ತು. ಕೊನೆಯ ತಿಂಗಳು ಉಕ್ತಲೇಖನ. ಭಾನುವಾರ ಒಂದೇ ಸಲ ಎರಡು ಗಂಟೆ ಕೂರಿಸಿದರೆ ತಲೆಗೆ ಹತ್ತುವುದಿಲ್ಲ.

ಎಷ್ಟನೇ ತರಗತಿಗೆ ಸೇರಿಸುತ್ತೀರಿ ಎಂಬುದು ಮುಂದೆ ಸಿಇಟಿ ಸೀಟಿಗೂ ತಾಗುತ್ತದೆ. 1ನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕೆಂಬುದು ಸಾಮಾನ್ಯ ನಿಯಮ. ಬೇರೆ ಕೆಲವು ಕಲಮುಗಳೂ ಇವೆ. 6ನೇ ತರಗತಿಗೆ ಸೇರಿದರೆ ಸರಿಯಾಗಿ 7 ಆಗುತ್ತದೆ. ವಿದೇಶಿ ಪಾಸ್‌ಪೋರ್ಟಿನ ಮಗುವಾದರೆ ಒಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡಿನ ತಾರೀಕು ನೋಡಿ. 2021ರ ಮಾರ್ಚ್ 4ರ ಅಧಿಸೂಚನೆ ವೃತ್ತಿಪರ ಕೋರ್ಸುಗಳಲ್ಲಿ ಒಸಿಐ ಮಕ್ಕಳನ್ನು ಎನ್‌ಆರ್‌ಐ ಸೀಟುಗಳಿಗೆ ಸೀಮಿತಗೊಳಿಸಿತು. ಅದಕ್ಕೂ ಮುನ್ನ ಕಾರ್ಡ್ ಪಡೆದವರಿಗೆ ಅದು ಅನ್ವಯವಾಗದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು.

ಹಾಳೆಯಲ್ಲಿ ಹೆಸರು ಬಿದ್ದ ಸಾಲುಗಳು ಉಳಿದವು. ಅಪ್ಪ ಅಮ್ಮನ ಜೊತೆಗಿರುವುದಾದರೆ ‘ಹೊಂದಿಕೊಂಡು ಹೋಗೋಣ’ ಎಂಬ ಮಾತಿಗೆ ಯಾವ ಅರ್ಥವೂ ಇಲ್ಲ, ಪ್ರಶ್ನೆಗಳು ಚಿಕ್ಕವಿರಬೇಕು. ಬೆಳಗಿನ ತಿಂಡಿ ಯಾರ ಕೈಯದು? ಕೆಲಸದವರಿಗೆ ಸಂಬಳ ಕೊಡುವವರು ಯಾರು, ಕೆಲಸ ಹೇಳುವವರು ಯಾರು? ರಾತ್ರಿ ಒಂಬತ್ತಕ್ಕೆ ನಿಮಗೆ ಆಫೀಸ್ ಕಾಲ್ ಇದ್ದಾಗ ಹಾಲ್‌ನಲ್ಲಿ ಟಿವಿ ಎಷ್ಟು ಜೋರು? ಇಷ್ಟು ವರ್ಷ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದ ತಮ್ಮ, ‘ಅಮ್ಮ ತಿಂದ್ಲಾ’ ಎಂದು ದಿನಾ ವಿಚಾರಿಸಿದ ನಾದಿನಿ ಇವರಿಗೆ ನೀವು ಬರುವುದು ಸಹಾಯವೂ ಹೌದು, ತಮ್ಮ ಜಾಗಕ್ಕೆ ಕುತ್ತೂ ಹೌದು. ಬರುವ ಮೊದಲೇ ಫೋನಿನಲ್ಲಿ ಕೇಳಿ: “ನಾನು ಬಂದ್ಮೇಲೆ ನಿನ್ ಕೈಯಿಂದ ಯಾವ್ದು ತಗೊಳ್ಲಿ, ಯಾವ್ದು ಬಿಡ್ಲಿ?” ಮೊದಲ ಹನ್ನೊಂದು ತಿಂಗಳು ನಡೆದು ಹೋಗುವಷ್ಟು ದೂರದಲ್ಲಿ ಬಾಡಿಗೆ ಮನೆ ಮಾಡುವುದು ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಅಮ್ಮ ಬೇಜಾರು ಮಾಡಿಕೊಳ್ಳುತ್ತಾರೆ. ಒಂದೇ ಸೂರಿನಡಿ ಸೇರಿ ಆಮೇಲೆ ಬೇರೆ ಹೋಗುವ ಬೇಜಾರಿಗಿಂತ ಇದು ಚಿಕ್ಕದು. ಬೆಂಗಳೂರಾದರೆ ಅಡ್ವಾನ್ಸಿಗೆ ಐದರಿಂದ ಹತ್ತು ತಿಂಗಳ ಬಾಡಿಗೆ ಎತ್ತಿಡಿ. ಕಾವೇರಿ ನೀರೋ ಬೋರ್‌ವೆಲ್ಲೋ ಟ್ಯಾಂಕರೋ ಎಂಬುದನ್ನು ಮಾಲೀಕರನ್ನಲ್ಲ, ವಾಚ್‌ಮನ್‌ನನ್ನು ಕೇಳಿ.

ಸಾಧ್ಯವಿದ್ದರೆ ಒಮ್ಮೆ ನಾಲ್ಕು ವಾರ ಪ್ರಯೋಗಕ್ಕೆ ಬಂದುಹೋಗಿ. ಡಿಸೆಂಬರ್ ಬೇಡ, ಆಗ ಮದುವೆ, ನೆಂಟರು, ಹೋಳಿಗೆ ಊಟದಲ್ಲಿ ಊರು ಕಾಣಿಸುವುದಿಲ್ಲ. ಜುಲೈ ಮಳೆಯಲ್ಲೋ ಏಪ್ರಿಲ್ ಬಿಸಿಲಲ್ಲೋ ಬನ್ನಿ. ಬೆಳಗ್ಗೆ ಎಂಟೂವರೆಗೆ ಆಫೀಸ್ ದಾರಿಯಲ್ಲಿ ಓಡಾಡಿ, ಬೆಸ್ಕಾಂ ಬಿಲ್ ಕಟ್ಟಿ, ಬ್ಯಾಂಕಿನ ಕೆವೈಸಿ ಸಾಲಲ್ಲಿ ನಿಲ್ಲಿ. ನೆಂಟರು ಆ ನಾಲ್ಕು ವಾರದಲ್ಲಿ ಇಪ್ಪತ್ತು ಸಲ “ಯಾವಾಗ ವಾಪಸ್?” ಅನ್ನುತ್ತಾರೆ. ನೆಲೆಸಲೆಂದು ಬಂದಮೇಲೂ ಕೇಳುತ್ತಾರೆ, ಆಗ ಅದರ ಹಿಂದೆ “ಅಲ್ಲಿ ಏನಾದ್ರೂ ತೊಂದ್ರೆ ಆಯ್ತಾ?” ಇರುತ್ತದೆ. ಗಂಡ ಹೆಂಡತಿ ಕೂಡಿ ಒಂದೇ ಸಾಲಿನ ಉತ್ತರ ಸಿದ್ಧ ಮಾಡಿಕೊಳ್ಳಿ. ಇಬ್ಬರ ಬಾಯಲ್ಲಿ ಎರಡು ಕಾರಣ ಬಂದರೆ ಮೂರನೆಯದನ್ನು ನೆಂಟರೇ ಹುಟ್ಟಿಸುತ್ತಾರೆ.

ಬಂದ ಮೊದಲ ತಿಂಗಳು ಚೆನ್ನಾಗಿಯೇ ಹೋಗುತ್ತದೆ. ಆರನೇ ವಾರದ ಸುಮಾರಿಗೆ ಊಟದ ಕರೆಗಳು ನಿಂತು, ಮಕ್ಕಳು ಶಾಲೆಗೆ ಹೋಗಿ, ಬೆಳಗ್ಗೆ ಹನ್ನೊಂದಕ್ಕೆ ಕರೆಂಟು ಹೋದಾಗ ಎದೆ ಖಾಲಿಯಾಗುತ್ತದೆ. ಹಳೆಯ ಗೆಳೆಯರಿಗೆ ಅವರದೇ ಗುಂಪಾಗಿರುತ್ತದೆ, ನಿಮ್ಮ ನಗೆಚಟಾಕಿ ಹದಿನೈದು ವರ್ಷ ಹಳೆಯದು. ಇದು ಬರುತ್ತದೆಂದು ಕ್ಯಾಲೆಂಡರಿನಲ್ಲಿ ಮೊದಲೇ ಬರೆದಿಡಿ. ನಿದ್ದೆ, ಹಸಿವು ಎರಡು ವಾರ ಮೀರಿ ಕೆಟ್ಟರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಆ ವಾರ ಹಳೆಯ ಬಾಸ್‌ಗೆ ‘ಜಾಗ ಖಾಲಿ ಇದೆಯಾ’ ಎಂದು ಮೇಲ್ ಬರೆಯುವ ಮನಸ್ಸಾಗುತ್ತದೆ. ಬರೆಯಿರಿ, ಕಳಿಸಬೇಡಿ. ಡ್ರಾಫ್ಟ್‌ನಲ್ಲಿಟ್ಟು, ಬಂದು ಆರು ತಿಂಗಳು ತುಂಬಿದ ದಿನ ಇಬ್ಬರೂ ಕೂತು ತೆರೆದು ಓದಿ.